ಹಾಸನದ ಮನೆಯಲ್ಲಿ ಇವಿ ಚಾರ್ಜಿಂಗ್, ಗೃಹಜ್ಯೋತಿ ಮೀಟರ್, ತಿಂಗಳಿಗೆರಡು ಸಲ ಶಿರಾಡಿ: ಏನೇನು ಹೊಂದಿಸಿಕೊಳ್ಳಬೇಕು?

ಹೇಮಾವತಿ_ದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಟಾಟಾ ಪಂಚ್ ಇವಿ, 35 ಯೂನಿಟ್ ಬ್ಯಾಟರಿಯದ್ದು ಬುಕ್ ಆಗಿದೆ. ಗಾಡಿ ಬರುವಷ್ಟರಲ್ಲಿ ಮನೆ ಕಡೆ ಕೆಲಸ ಮುಗಿಸಬೇಕು. ಪರಿಸ್ಥಿತಿ ಹೀಗಿದೆ.

ಹಾಸನದಲ್ಲಿ ಸ್ವಂತ ಮನೆ. ದಿನಕ್ಕೆ 50 ಕಿ.ಮೀ. ಓಡಾಟ, ತಿಂಗಳಿಗೆ 26 ದಿನ. ಒಂದೆರಡು ಸಲ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿಬರುವುದು, ನಾಲ್ಕು ಜನ, ಜೊತೆಗೆ ಲಗೇಜು. ಮನೆಗೆ ಸಿಂಗಲ್ ಫೇಸ್, ಮಂಜೂರಾದ ಲೋಡ್ 3 ಕಿಲೋವ್ಯಾಟ್. ಗೃಹಜ್ಯೋತಿ ಇದೆ, ತಿಂಗಳಿಗೆ 90 ಯೂನಿಟ್ ಸುಮಾರು ಉರಿಯುತ್ತದೆ, ಬಿಲ್ ಸೊನ್ನೆ. ಮೀಟರ್ ಬೋರ್ಡಿನಿಂದ ಕಾರು ನಿಲ್ಲಿಸುವ ಜಾಗಕ್ಕೆ ಪೈಪಿನ ದಾರಿ 25 ಮೀಟರ್. ಅಲ್ಲಿ ಮೊದಲೇ ಒಂದು 15 ಆಂಪ್ ಸಾಕೆಟ್ ಇದೆ, ವಾಷಿಂಗ್ ಮಷೀನಿಗೆ ಅಂತ ಹಾಕಿಸಿದ್ದು.

ಎಲೆಕ್ಟ್ರಿಷಿಯನ್ ಬಂದು ನೋಡಿ, ಅರ್ತಿಂಗ್ ಸರಿಯಿಲ್ಲ, ಸಾಕೆಟ್ಟಿನಲ್ಲೇ ನ್ಯೂಟ್ರಲ್ಲಿನಿಂದ ಅರ್ತ್ ಪಿನ್ನಿಗೆ ಒಂದು ಲೂಪ್ ಕೊಟ್ಟರೆ ಚಾರ್ಜರ್ ತಗೊಳ್ಳುತ್ತೆ ಅಂದಿದ್ದಾರೆ. ಅದು ಸಾಕಾ? ಇದೇ ಮೀಟರಿನಲ್ಲಿ ಚಾರ್ಜ್ ಮಾಡಿದರೆ ಗೃಹಜ್ಯೋತಿಗೆ ಏನಾಗುತ್ತದೆ? 7.2 ಕಿಲೋವ್ಯಾಟ್ ಗೋಡೆ ಚಾರ್ಜರ್ ಬೇಕೇಬೇಕಾ? ಘಾಟಿ ಹತ್ತುವಾಗ ಎಷ್ಟು ಚಾರ್ಜ್ ಇಟ್ಟುಕೊಂಡಿರಬೇಕು? ತಿಳಿದವರು ಲೆಕ್ಕದ ಸಮೇತ ಹೇಳಿದರೆ ಉಪಕಾರ.

ಫೇಸ್_ನ್ಯೂಟ್ರಲ್:

ಮೊದಲು ಲೂಪಿನ ವಿಷಯ. ದಯವಿಟ್ಟು ಅದನ್ನು ಮಾಡಿಸಬೇಡಿ. ಉಳಿದದ್ದೆಲ್ಲ ಆಮೇಲೆ.

ಚಾರ್ಜರ್ ಶುರುವಾಗುವ ಮೊದಲು ಅರ್ತ್ ಇದೆಯೋ ಇಲ್ಲವೋ ಎಂದು ನೋಡುತ್ತದೆ. ನ್ಯೂಟ್ರಲ್ಲಿಗೆ ಲೂಪ್ ಕೊಟ್ಟರೆ ಅದಕ್ಕೆ ಅರ್ತ್ ಇದ್ದ ಹಾಗೆ ಕಾಣುತ್ತದೆ, ಹಸಿರು ದೀಪ ಬರುತ್ತದೆ. ಆದರೆ ಕಾರಿನ ಇಡೀ ಬಾಡಿ ಆ ಅರ್ತ್ ಪಿನ್ನಿಗೆ ಸೇರಿದೆ. ಮಳೆಗಾಳಿಯಲ್ಲಿ ಕಂಬದ ಕಡೆ ನ್ಯೂಟ್ರಲ್ ಕಡಿದುಹೋಯಿತು ಅಂದುಕೊಳ್ಳಿ. ಮನೆಯ ಫ್ರಿಜ್ಜು, ಬಲ್ಬುಗಳ ಮೂಲಕ ಫೇಸ್ ಕರೆಂಟು ನ್ಯೂಟ್ರಲ್ ತಂತಿಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಲೂಪ್ ಹಿಡಿದು ಕಾರಿನ ಬಾಡಿಗೆ ಬರುತ್ತದೆ. ಒದ್ದೆ ನೆಲದ ಮೇಲೆ ನಿಂತು ಬಾಗಿಲ ಹಿಡಿ ಮುಟ್ಟಿದವರಿಗೆ 230 ವೋಲ್ಟ್. ಲೂಪ್ ಆರ್‌ಸಿಸಿಬಿಗಿಂತ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಮೊದಲೇ ಇದ್ದರೆ ಆರ್‌ಸಿಸಿಬಿಗೆ ಈ ದೋಷ ಕಾಣುವುದೇ ಇಲ್ಲ. ನಿಮ್ಮವರು ಹೇಳಿದ ಹಾಗೆ ಸಾಕೆಟ್ಟಿನಲ್ಲೇ ಕೊಟ್ಟರೆ ಆರ್‌ಸಿಸಿಬಿ ದಿನಾ ಟ್ರಿಪ್ ಆಗುತ್ತದೆ, ಆಗ "ಇದು ತೊಂದರೆ ಕೊಡ್ತಿದೆ" ಎಂದು ಅದನ್ನೇ ಬೈಪಾಸ್ ಮಾಡುತ್ತಾರೆ. ಎರಡೂ ಕಡೆಯಿಂದ ರಕ್ಷಣೆ ಹೋಯಿತು.

ಸರಿಯಾದ ದಾರಿ ಹೊಸ ಅರ್ತ್ ಪಿಟ್. ಮೂರು ಮೀಟರ್ ಉದ್ದದ ತಾಮ್ರ ಲೇಪಿತ ರಾಡ್ ಅಥವಾ ಜಿಐ ಪೈಪ್, ಸುತ್ತ ಬೆಂಟೊನೈಟ್ ಮಾದರಿಯ ಪುಡಿ, ಮೇಲೆ ನೀರು ಹಾಕಲು ಮುಚ್ಚಳವಿರುವ ಚೇಂಬರ್. ಉಪ್ಪು ಇದ್ದಿಲು ಹಾಕುವ ಹಳೇ ಪದ್ಧತಿ ಕೆಲಸ ಮಾಡುತ್ತದೆ, ಆದರೆ ಉಪ್ಪು ಕೆಲವೇ ವರ್ಷದಲ್ಲಿ ಪೈಪನ್ನು ತಿನ್ನುತ್ತದೆ. ಮಣ್ಣು ಒಣಗುವ ಮಾರ್ಚ್, ಏಪ್ರಿಲ್‌ನಲ್ಲಿ ವಾರಕ್ಕೊಮ್ಮೆ ಒಂದು ಬಕೆಟ್ ನೀರು ಹಾಕಿ. ಕೆಲಸ ಮುಗಿದ ಮೇಲೆ ಅರ್ತ್ ಟೆಸ್ಟರಿನಲ್ಲಿ 5 ಓಮ್ ಒಳಗೆ ಬರುತ್ತಿದೆಯೇ ಎಂದು ನಿಮ್ಮೆದುರೇ ಅಳೆಯಿಸಿ. ಬರದಿದ್ದರೆ ಮೂರು ಮೀಟರ್ ದೂರದಲ್ಲಿ ಎರಡನೇ ರಾಡ್ ಹೊಡೆದು ಎರಡನ್ನೂ ಸೇರಿಸಬೇಕು.

ಮಲ್ಟಿಮೀಟರ್ ಇದ್ದರೆ ಈಗಲೇ ಆ ಸಾಕೆಟ್ಟಿನಲ್ಲಿ ಮೂರು ರೀಡಿಂಗ್ ತೆಗೆದು ಇಲ್ಲಿ ಹಾಕಿ: ಫೇಸ್ ನ್ಯೂಟ್ರಲ್ ನಡುವೆ, ಫೇಸ್ ಅರ್ತ್ ನಡುವೆ, ನ್ಯೂಟ್ರಲ್ ಅರ್ತ್ ನಡುವೆ. ಒಮ್ಮೆ ಮನೆಯಲ್ಲಿ ಏನೂ ಓಡದೆ, ಇನ್ನೊಮ್ಮೆ ಗೀಸರ್ ಹಾಕಿ. ಮೂರನೆಯದು 3 ವೋಲ್ಟಿನೊಳಗೆ ಇರಬೇಕು.

ಇನ್ನು ವೈರು. ವಾಷಿಂಗ್ ಮಷೀನಿನ ಸಾಕೆಟ್ಟಿಗೆ ಎಳೆದಿರುವುದು 1.5 ಅಥವಾ 2.5 ಚದರ ಮಿ.ಮೀ. ಇರಬಹುದು. ಮಷೀನು ನೀರು ಕಾಯಿಸುವ ಹೊತ್ತು ಮಾತ್ರ ಜೋರಾಗಿ ಎಳೆಯುತ್ತದೆ, ಕಾರು ಗಂಟೆಗಟ್ಟಲೆ ಬಿಡದೆ 14 ಆಂಪ್ ಎಳೆಯುತ್ತದೆ. 25 ಮೀಟರ್ ದಾರಿಗೆ ಹೋಗಿ ಬರುವ ತಾಮ್ರ 50 ಮೀಟರ್. 1.5ರಲ್ಲಿ ಅದರ ರೋಧ ಸುಮಾರು 0.6 ಓಮ್, ಅಂದರೆ 8 ವೋಲ್ಟಿನ ಮೇಲೆ ಇಳಿಕೆ, ಪೈಪಿನೊಳಗೆ 120 ವ್ಯಾಟ್ ಬರೀ ಬಿಸಿ. 4 ಚದರ ಮಿ.ಮೀ. ಹಾಕಿದರೆ ಇಳಿಕೆ 3 ವೋಲ್ಟ್, ಬಿಸಿ 45 ವ್ಯಾಟ್. ಆದ್ದರಿಂದ ಬೋರ್ಡಿನಿಂದಲೇ ಹೊಸದಾಗಿ 4 ಚದರ ತಾಮ್ರ, ಅರ್ತ್ ವೈರೂ ಅದೇ ಗಾತ್ರ, ನಡುವೆ ಎಲ್ಲೂ ಜಾಯಿಂಟ್ ಇರಬಾರದು. ಮುಂದೆ 7.2 ಹಾಕಿಸುವ ಯೋಚನೆ ಸ್ವಲ್ಪವಾದರೂ ಇದ್ದರೆ ಈಗಲೇ 10 ಚದರ ಎಳೆಸಿಬಿಡಿ, ಗೋಡೆ ಎರಡು ಸಲ ಒಡೆಸುವುದು ತಪ್ಪುತ್ತದೆ.

ಬೋರ್ಡಿನಲ್ಲಿ ಈ ಲೈನಿಗೆಂದೇ 20 ಆಂಪ್ ಸಿ ಕರ್ವ್ ಎಂಸಿಬಿ (ಲೋಡ್ ಮೀರಿದರೆ ಲೈನ್ ಕಡಿಯುವ ಸ್ವಿಚ್), 30 ಮಿಲಿ ಆಂಪಿನ ಟೈಪ್ ಎ ಆರ್‌ಸಿಸಿಬಿ. ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಟೈಪ್ ಎಸಿ ಕೊಡುತ್ತಾರೆ, ಮೇಲೆ ಮುದ್ರಿಸಿದ ಚಿಹ್ನೆ ನೋಡಿ ತಗೊಳ್ಳಿ. ಮಲೆನಾಡಿನ ಸೆರಗಿನಲ್ಲಿದ್ದೀರಿ, ಏಪ್ರಿಲ್ ಮೇ ಗುಡುಗಿಗೆ ಒಂದು ಟೈಪ್ 2 ಸರ್ಜ್ ಪ್ರೊಟೆಕ್ಟರ್ ಹಾಕಿಸುವುದು ವ್ಯರ್ಥವಲ್ಲ. ಅದು ಕೆಲಸ ಮಾಡುವುದಕ್ಕೂ ಅರ್ತ್ ಚೆನ್ನಾಗಿರಬೇಕು.

ಹೆಚ್ಚಿನ ಕಡೆ ಸುಡುವುದು ವೈರಲ್ಲ, ಸಾಕೆಟ್ಟು. ಹಿಡಿತ ಸಡಿಲವಾಗಿ 0.1 ಓಮ್ ರೋಧ ಬಂದರೂ 14 ಆಂಪಿಗೆ 20 ವ್ಯಾಟ್ ಬಿಸಿ, ಅದೂ ಬೆರಳಿನ ತುದಿಯಷ್ಟು ಜಾಗದಲ್ಲಿ. ಒಳ್ಳೆಯ 16 ಆಂಪ್ ಸಾಕೆಟ್ ಹೊಸದು ಹಾಕಿಸಿ, ಹಳೆಯದನ್ನು ಬಳಸಬೇಡಿ. ಮೊದಲ ಸಲ ಚಾರ್ಜಿಗೆ ಹಾಕಿ ಒಂದು ಗಂಟೆಯಾದ ಮೇಲೆ ಪ್ಲಗ್ಗಿನ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿಯಿದ್ದರೆ ನಿಲ್ಲಿಸಿ ಟರ್ಮಿನಲ್ ಸ್ಕ್ರೂ ಬಿಗಿ ಮಾಡಿಸಿ. ಆರು ತಿಂಗಳಿಗೊಮ್ಮೆ ಬಿಗಿ ಮಾಡಿಸುವುದು ಅಭ್ಯಾಸವಾಗಲಿ. ಎಕ್ಸ್‌ಟೆನ್ಷನ್ ಬಾಕ್ಸ್ ಯಾವ ಕಾರಣಕ್ಕೂ ಬೇಡ.

ಆರ್‌ಆರ್_ನಂಬರ್:

ಮೀಟರಿನ ಲೆಕ್ಕ ನಾನು ಹೇಳುತ್ತೇನೆ, ನಿಮ್ಮ ಪಾಲಿಗೆ ಹಣ ಉಳಿಯುವುದು ಅಥವಾ ಹೋಗುವುದು ಇಲ್ಲೇ.

50 ಕಿ.ಮೀ. × 26 ದಿನ = 1,300 ಕಿ.ಮೀ. ಯೂನಿಟ್ಟಿಗೆ 7 ಕಿ.ಮೀ. ಹಿಡಿದರೆ ಬ್ಯಾಟರಿಗೆ 186 ಯೂನಿಟ್ ಬೇಕು. ಚಾರ್ಜಿಂಗಿನಲ್ಲಿ 12-15% ಸೋರಿಕೆ ಇರುವುದರಿಂದ ಮೀಟರಿನಲ್ಲಿ ಓಡುವುದು ಸುಮಾರು 213. ಮನೆಯ 90 ಸೇರಿ 303.

ಗೃಹಜ್ಯೋತಿಯಲ್ಲಿ ನಿಮ್ಮ ಅರ್ಹ ಮಿತಿ (ಹಿಂದಿನ ಬಳಕೆಯ ಸರಾಸರಿ ನೋಡಿ ನಿಗದಿ ಮಾಡಿದ್ದು) ದಾಟಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ, ನಿಗದಿತ ಶುಲ್ಕವೂ ಸೇರಿ. 2025ರ ಏಪ್ರಿಲ್‌ನಿಂದ ಗೃಹಬಳಕೆ ದರ ಯೂನಿಟ್ಟಿಗೆ 5.80 ರೂ. ಆಯಿತು, ನಿಗದಿತ ಶುಲ್ಕ ಕಿಲೋವ್ಯಾಟಿಗೆ 145 ರೂ. ಆಯಿತು. ಸರ್‌ಚಾರ್ಜು, ತೆರಿಗೆ ಸೇರಿ ಯೂನಿಟ್ಟಿಗೆ 7 ರೂ. ಅಂದುಕೊಂಡರೆ, ಒಂದೇ ಮೀಟರಿನಲ್ಲಿ ಚಾರ್ಜ್ ಮಾಡುವುದರಿಂದ ನೀವು ಕಳೆದುಕೊಳ್ಳುವುದು ಮನೆಯ 90 ಯೂನಿಟ್ಟಿನ 630, ಜೊತೆಗೆ 3 ಕಿಲೋವ್ಯಾಟಿನ ನಿಗದಿತ ಶುಲ್ಕ 435. ತಿಂಗಳಿಗೆ ಸಾವಿರದ ಮೇಲೆ, ಕಾರಿನ ಕರೆಂಟಿನ ಖರ್ಚು ಬಿಟ್ಟು. ಅದಲ್ಲದೆ 3.3 ಕಿಲೋವ್ಯಾಟ್ ಚಾರ್ಜರ್ ಒಂದೇ 3 ಕಿಲೋವ್ಯಾಟ್ ಮಂಜೂರಾತಿ ಮೀರುತ್ತದೆ, ಜೊತೆಗೆ ಗೀಸರ್ ಓಡಿದರೆ ಕೇಳುವುದೇ ಬೇಡ, ಲೋಡ್ ಹೆಚ್ಚಿಸಿಕೊಳ್ಳಲೇಬೇಕು.

ಆದ್ದರಿಂದ ಸೆಸ್ಕ್ (ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ) ಉಪವಿಭಾಗದ ಕಚೇರಿಗೆ ಹೋಗಿ ಇವಿ ಚಾರ್ಜಿಂಗಿಗೆಂದೇ ಪ್ರತ್ಯೇಕ ಮೀಟರಿಗೆ ಅರ್ಜಿ ಕೊಡಿ. ದರಪಟ್ಟಿಯಲ್ಲಿ ಅದು ಎಲ್‌ಟಿ 6 ಸಿ ವರ್ಗ. ಅಲ್ಲಿನ ಯೂನಿಟ್ ದರ ಗೃಹಬಳಕೆಗಿಂತ ಕಡಿಮೆಯೇ ಇರುತ್ತ ಬಂದಿದೆ. 4 ಕಿಲೋವ್ಯಾಟ್ ಲೋಡ್ ಸಾಕು. ಮಾಲೀಕತ್ವದ ದಾಖಲೆ, ಈಗಿನ ಬಿಲ್ ಪ್ರತಿ, ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ವೈರಿಂಗ್ ವರದಿ ಬೇಕಾಗುತ್ತದೆ. ಠೇವಣಿ ಕಟ್ಟಬೇಕು. ಹೊಸ ಮೀಟರಿನಿಂದ ಮನೆಯ ಒಂದು ಬಲ್ಬಿಗೂ ಲೈನ್ ಎಳೆಯಬೇಡಿ, ತಪಾಸಣೆಯಲ್ಲಿ ಸಿಕ್ಕಿದರೆ ದುರ್ಬಳಕೆ ಎಂದು ದಂಡ ಬೀಳುತ್ತದೆ.

ಅರ್ಜಿಗೆ ಸಮಯ ಹಿಡಿಯುತ್ತದೆ. ಗಾಡಿ ಬರುವ ಮೊದಲೇ ಕೊಡಿ.

ಏರು_ಇಳಿಜಾರು:

ಘಾಟಿಗೆ ಭಯ ಬೇಡ, ಲೆಕ್ಕ ಸಾಕು.

ಹಾಸನ, ಸಕಲೇಶಪುರ ಎರಡೂ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿವೆ. ಮಂಗಳೂರು ಕಡಲ ಮಟ್ಟ. ಕಾರು, ನಾಲ್ಕು ಜನ, ಲಗೇಜು ಸೇರಿ 1,700 ಕಿಲೋ ಎಂದುಕೊಳ್ಳಿ. ಅಷ್ಟನ್ನು 900 ಮೀಟರ್ ಮೇಲೆತ್ತಲು 4.2 ಯೂನಿಟ್, ಮೋಟಾರಿನ ನಷ್ಟ ಸೇರಿ 4.7. ಇಳಿಯುವಾಗ ಅದರಲ್ಲಿ ಮೂರನೇ ಎರಡು ಭಾಗದಷ್ಟು ಬ್ಯಾಟರಿಗೆ ವಾಪಸ್ ಬರುತ್ತದೆ, 2.7 ಅಂದುಕೊಳ್ಳಿ.

ದೂರ ಸುಮಾರು 170 ಕಿ.ಮೀ. ಗಂಟೆಗೆ 80ರ ಒಳಗೆ ಹೋದರೆ ಸಮತಟ್ಟಿನ ಲೆಕ್ಕದಲ್ಲಿ 24 ಯೂನಿಟ್. ಹೋಗುವಾಗ 24ರಲ್ಲಿ 2.7 ಕಳೆದು 21, ಅಂದರೆ ಬ್ಯಾಟರಿಯ 60%. 100ರಲ್ಲಿ ಹೊರಟರೆ ಮಂಗಳೂರಿನಲ್ಲಿ 40% ಉಳಿದಿರುತ್ತದೆ. ಬರುವಾಗ 24ಕ್ಕೆ 4.7 ಕೂಡಿಸಿ 29, ಅಂದರೆ 83%. ಮಳೆಗಾಲದಲ್ಲಿ ನೀರು ನಿಂತ ರಸ್ತೆ, ಮಂಜಿಗೆ ಎಸಿ, ಹೆಡ್‌ಲೈಟು ಸೇರಿ ಇನ್ನು 10% ಹೆಚ್ಚು ಹಿಡಿಯಿರಿ, 32 ಯೂನಿಟ್ ಆಯಿತು. ಅದನ್ನು ಒಂದೇ ಚಾರ್ಜಿನಲ್ಲಿ ಮುಗಿಸಲು ಹೋಗಬೇಡಿ.

ನಿಯಮ ಸರಳ: ಉಪ್ಪಿನಂಗಡಿ ಬಿಡುವಾಗ ಬೇಸಗೆಯಲ್ಲಿ 75%, ಮಳೆಗಾಲದಲ್ಲಿ 80% ಇರಬೇಕು. ಅಲ್ಲಿಂದ ಹಾಸನಕ್ಕೆ ಸುಮಾರು 115 ಕಿ.ಮೀ., ಏರು ಸೇರಿ 21 ಯೂನಿಟ್ ಅಂದರೆ 60% ಬೇಕು, ಉಳಿದದ್ದು ಕೈಯಲ್ಲಿರಲಿ. ಮಂಗಳೂರಿನಲ್ಲಿ 50 ಕಿಲೋವ್ಯಾಟ್ ಡಿಸಿ ಗನ್ನಿಗೆ (ಸಾರ್ವಜನಿಕ ವೇಗದ ಚಾರ್ಜರ್) ಹಾಕಿದರೆ 40ರಿಂದ 80ಕ್ಕೆ ಅರ್ಧ ಗಂಟೆಯ ಮೇಲೆ ಸ್ವಲ್ಪ. 80 ದಾಟಿದ ಮೇಲೆ ವೇಗ ಬಿದ್ದುಹೋಗುತ್ತದೆ, ಕೊನೆಯ 20%ಗೆ ಅಲ್ಲೇ ಕಾಯುವುದಕ್ಕಿಂತ ದಾರಿಯಲ್ಲಿ ಚಹಾ ಕುಡಿಯುವ ಹೊತ್ತಿನಲ್ಲಿ ಹತ್ತಿಪ್ಪತ್ತು ಶೇಕಡ ತುಂಬಿಸುವುದು ಬೇಗ ಆಗುತ್ತದೆ. ರಾತ್ರಿ ಉಳಿಯುವುದಾದರೆ ನಿಧಾನದ ಎಸಿ ಚಾರ್ಜಿಂಗ್ ಇರುವ ಜಾಗ ಹುಡುಕಿ, ಅದೇ ಅಗ್ಗ.

ಶಿರಾಡಿಯ ವಿಷಯದಲ್ಲಿ ಇನ್ನೊಂದು. 2024ರ ಜುಲೈನಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದಾಗ ಹೆದ್ದಾರಿ ಬಂದ್ ಆಗಿತ್ತು. ಅಂಥ ದಿನ ಚಾರ್ಮಾಡಿ ಕಡೆ ಸುತ್ತಬೇಕು, ದೂರ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಡುವ ಮೊದಲು ರಸ್ತೆ ತೆರೆದಿದೆಯೇ ಎಂದು ವಿಚಾರಿಸಿ. ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡರೆ ಗಾಬರಿ ಬೇಡ, ನಿಂತಲ್ಲಿ ಎಸಿ ಹಾಕಿಕೊಂಡರೂ ಗಂಟೆಗೆ ಒಂದು ಯೂನಿಟ್ ಆಸುಪಾಸು ಹೋಗುತ್ತದೆ, ಅಷ್ಟೇ.

ಸಕಲೇಶಪುರದ ಹೋಮ್‌ಸ್ಟೇಯಲ್ಲಿ ಉಳಿದು ಬೆಳಿಗ್ಗೆ ಘಾಟಿ ಇಳಿಯುವುದಿದ್ದರೆ 100% ತುಂಬಿಸಬೇಡಿ, 90ಕ್ಕೆ ನಿಲ್ಲಿಸಿ. ತುಂಬಿದ ಬ್ಯಾಟರಿಯಲ್ಲಿ ವಾಪಸ್ ಬರುವ ಕರೆಂಟಿಗೆ ಜಾಗವಿರುವುದಿಲ್ಲ, ರೀಜೆನ್ (ಮೋಟಾರೇ ಗಾಡಿಯನ್ನು ತಡೆದು ಕರೆಂಟನ್ನು ಬ್ಯಾಟರಿಗೆ ಕಳಿಸುವುದು) ಕೈಕೊಡುತ್ತದೆ, ಬ್ರೇಕ್ ಪ್ಯಾಡಿನ ಮೇಲೆಯೇ ಇಡೀ ಇಳಿಜಾರು ಇಳಿಯಬೇಕಾಗುತ್ತದೆ. ಒಣ ರಸ್ತೆಯಲ್ಲಿ ರೀಜೆನ್ ಮಟ್ಟ 3, ಒದ್ದೆಯಿದ್ದರೆ 2. ಮುಂದಿನ ಚಕ್ರಕ್ಕೆ ಮಾತ್ರ ಹಿಡಿತ ಬೀಳುವುದರಿಂದ ಒದ್ದೆ ತಿರುವಿನಲ್ಲಿ ಜೋರು ರೀಜೆನ್ ಒಳ್ಳೆಯದಲ್ಲ.

ಅಡಿಕೆ_ಗೊನೆ:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹಣ ಹಾಕುವಾಗ 7.2 ಕಿಲೋವ್ಯಾಟ್ ಚಾರ್ಜರೇ ಹಾಕಿಸಿಬಿಡಿ. 3.3ರಲ್ಲಿ 10ರಿಂದ 100ಕ್ಕೆ 13 ಗಂಟೆ ಬೇಕು. ರಾತ್ರಿ ಕರೆಂಟ್ ಹೋದರೆ ಬೆಳಿಗ್ಗೆ ಗಾಡಿ ಅರ್ಧ. ಇನ್ನೊಂದು, ದಿನಾ 80% ದಾಟಿಸಬೇಡಿ, ಬ್ಯಾಟರಿ ಬೇಗ ಹಾಳಾಗುತ್ತದೆ.

ಫೇಸ್_ನ್ಯೂಟ್ರಲ್:

@ಅಡಿಕೆ_ಗೊನೆ ಸರ್, ದಿನಾ ಓಡುವುದು 50 ಕಿ.ಮೀ. ಮೀಟರಿನಲ್ಲಿ 8 ಯೂನಿಟ್, 3.3ರಲ್ಲಿ ಎರಡೂವರೆಯಿಂದ ಮೂರು ಗಂಟೆ. 13 ಗಂಟೆಯ ಲೆಕ್ಕ ಬರುವುದು ಖಾಲಿ ಗಾಡಿಯನ್ನು ತುಂಬಿಸುವ ದಿನ ಮಾತ್ರ. 7.2ಕ್ಕೆ 32 ಆಂಪ್ ಬೇಕು, ಲೋಡ್ 8 ಕಿಲೋವ್ಯಾಟ್ ತನಕ ಮಂಜೂರು ಮಾಡಿಸಬೇಕು, ನಿಗದಿತ ಶುಲ್ಕ ತಿಂಗಳು ತಿಂಗಳು ಕಟ್ಟಬೇಕು. ಜೊತೆಗೆ ಕಾರಿನೊಳಗಿನ ಚಾರ್ಜರ್ 7.2 ಇರುವ ಮಾದರಿ ಬುಕ್ ಆಗಿದ್ದರೆ ಮಾತ್ರ ಲಾಭ. ಕಾರಿನಲ್ಲಿ 3.3 ಇದ್ದರೆ ಗೋಡೆಗೆ ಎಂಥದ್ದು ಹಾಕಿದರೂ ಅಷ್ಟೇ ತಗೊಳ್ಳುತ್ತದೆ. ದಿನಕ್ಕೆ 150 ಕಿ.ಮೀ. ಓಡಿಸುವವರಿಗೆ ನಿಮ್ಮ ಮಾತು ಸರಿ.

80% ನಿಯಮ ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್) ಬ್ಯಾಟರಿಗೆ ಒಪ್ಪುತ್ತದೆ. ಇದು ಎಲ್‌ಎಫ್‌ಪಿ. ಅಂದರೆ ಲಿಥಿಯಂ ಕಬ್ಬಿಣ ಫಾಸ್ಫೇಟ್. ಇದರಲ್ಲಿ 30%ಗೂ 80%ಗೂ ಸೆಲ್ಲಿನ ವೋಲ್ಟೇಜಿನಲ್ಲಿ ವ್ಯತ್ಯಾಸ ತೀರಾ ಕಡಿಮೆ. ಹಾಗಾಗಿ ಬಿಎಂಎಸ್ (ಬ್ಯಾಟರಿಯನ್ನು ನೋಡಿಕೊಳ್ಳುವ ಸರ್ಕ್ಯೂಟ್) ವೋಲ್ಟೇಜ್ ನೋಡಿ ಶೇಕಡ ಹೇಳಲಾರದು, ಒಳಗೆ ಹೋದ ಹೊರಗೆ ಬಂದ ಕರೆಂಟನ್ನು ಎಣಿಸುತ್ತಾ ಹೋಗುತ್ತದೆ. ಎಣಿಕೆಯ ತಪ್ಪು ದಿನದಿನಕ್ಕೆ ಕೂಡುತ್ತದೆ. ತಿಂಗಳುಗಟ್ಟಲೆ 80ಕ್ಕೇ ನಿಲ್ಲಿಸಿದರೆ ಪರದೆಯಲ್ಲಿ 18% ತೋರಿಸುತ್ತಿರುವಾಗಲೇ ಗಾಡಿ ಶಕ್ತಿ ಕಡಿಮೆ ಮಾಡಿಬಿಡಬಹುದು. ವಾರಕ್ಕೊಮ್ಮೆ ನಿಧಾನ ಚಾರ್ಜರಿನಲ್ಲಿ 100ಕ್ಕೆ ತಂದು, ತುಂಬಿದ ಮೇಲೂ ಅದಾಗಿಯೇ ನಿಲ್ಲುವ ತನಕ ಪ್ಲಗ್ ತೆಗೆಯದೆ ಬಿಡಿ. ಸೆಲ್ಲುಗಳು ಸಮವಾಗುವುದೂ ಆಗಲೇ. ಉಳಿದ ದಿನ 80-90 ಸಾಕು. ಊರು ಬಿಟ್ಟು ಹೋಗುವಾಗ ಮಾತ್ರ 50% ಹತ್ತಿರ ನಿಲ್ಲಿಸಿ ಹೋಗಿ.

ನಟ್ಟು_ಬೋಲ್ಟು:

ಚಾರ್ಜಿಂಗ್ ಬಗ್ಗೆ ಎಲ್ಲರೂ ಹೇಳಿದ್ದಾರೆ. ಗಾಡಿ ದಾರಿಯಲ್ಲಿ ನಿಲ್ಲುವುದಕ್ಕೆ ದೊಡ್ಡ ಬ್ಯಾಟರಿಗಿಂತ ಸಣ್ಣ 12 ವೋಲ್ಟ್ ಬ್ಯಾಟರಿ ಕಾರಣವಾಗುವುದು ಹೆಚ್ಚು, ಅದನ್ನು ಯಾರೂ ಹೇಳಲಿಲ್ಲ. ದೊಡ್ಡ ಬ್ಯಾಟರಿಯನ್ನು ಗಾಡಿಗೆ ಸೇರಿಸುವ ಸ್ವಿಚ್, ಅಂದರೆ ಕಾಂಟ್ಯಾಕ್ಟರ್, ಮುಚ್ಚುವುದೇ 12 ವೋಲ್ಟಿನಿಂದ. ಅದು ಸತ್ತರೆ ಒಳಗೆ 90% ಇದ್ದರೂ ಬಾಗಿಲು ಕೂಡ ರಿಮೋಟಿಗೆ ತೆಗೆಯುವುದಿಲ್ಲ. ಗಾಡಿ ಆಫ್ ಮಾಡಿ ಹಾಡು ಹಾಕಿಕೊಂಡು ಕೂರಬೇಡಿ. ನಿಂತ ಗಾಡಿಯಲ್ಲಿ 12.2 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಬದಲಾಯಿಸುವ ಕಾಲ ಬಂತೆಂದು ತಿಳಿಯಿರಿ. ಕೀ ಒಳಗಿನ ಲೋಹದ ಕೀಲಿಯಿಂದ ಬಾಗಿಲು ತೆಗೆಯುವುದು ಹೇಗೆ, 12 ವೋಲ್ಟಿಗೆ ಜಂಪ್ ಕೊಡುವ ಜಾಗ ಯಾವುದು, ಇವೆರಡನ್ನು ಡೆಲಿವರಿ ದಿನವೇ ತೋರಿಸಿಕೊಳ್ಳಿ.

ಬ್ರೇಕ್ ಡಿಸ್ಕ್ ತುಕ್ಕು. ರೀಜೆನ್ನಿನಿಂದ ಪ್ಯಾಡಿಗೆ ಕೆಲಸ ಕಡಿಮೆ, ಮಂಗಳೂರಿನ ಉಪ್ಪುಗಾಳಿ, ಮಳೆ ಸೇರಿದರೆ ಡಿಸ್ಕಿನ ಮೇಲೆ ಪದರ ಕಟ್ಟುತ್ತದೆ. ವಾರಕ್ಕೊಮ್ಮೆ ಖಾಲಿ ರಸ್ತೆಯಲ್ಲಿ ರೀಜೆನ್ ಸೊನ್ನೆ ಮಾಡಿ 60ರಿಂದ ಐದಾರು ಸಲ ಬ್ರೇಕ್ ಹಿಡಿದರೆ ಉಜ್ಜಿಹೋಗುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ, ಪ್ಯಾಡ್ ಹೊಸದರಂತೆ ಕಂಡರೂ. ಕೂಲೆಂಟ್ ಕಡಿಮೆಯಾದರೆ ಪೆಟ್ರೋಲ್ ಬಂಕಿನ ಹಸಿರು ನೀರು ಹಾಕಬೇಡಿ, ಕಂಪನಿ ಹೇಳಿದ್ದೇ ಹಾಕಬೇಕು. ಟೈರ್ ಗಾಳಿ ಹದಿನೈದು ದಿನಕ್ಕೊಮ್ಮೆ, ತಣ್ಣಗಿದ್ದಾಗ, ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟು. ಭಾರದ ಗಾಡಿ, ಮೊದಲ ಒತ್ತಿಗೇ ಪೂರ್ತಿ ಎಳೆತ, ಮುಂದಿನ ಟೈರು ಬೇಗ ಸವೆಯುತ್ತದೆ.

ವರ್ಷಕ್ಕೊಮ್ಮೆ ಬ್ಯಾಟರಿಯ ಆರೋಗ್ಯ ನೀವೇ ನೋಡಬಹುದು. 20%ಗೆ ತಂದು, ಹೊಸ ಮೀಟರಿನ ರೀಡಿಂಗ್ ಬರೆದಿಟ್ಟು, 100ಕ್ಕೆ ತುಂಬಿಸಿ. ಓಡಿದ ಯೂನಿಟ್ಟನ್ನು 0.87ರಿಂದ ಗುಣಿಸಿ 0.8ರಿಂದ ಭಾಗಿಸಿ. 32 ಓಡಿದ್ದರೆ 34.8 ಬರುತ್ತದೆ. ಹೊಸದರಲ್ಲೇ ಒಮ್ಮೆ ಮಾಡಿ ಬರೆದಿಡಿ, ಮುಂದಿನ ವರ್ಷಗಳ ಹೋಲಿಕೆಗೆ ಅದೇ ಆಧಾರ.

ಹೇಮಾವತಿ_ದಂಡೆ:

ಎಲ್ಲರಿಗೂ ತುಂಬಾ ಧನ್ಯವಾದ. ಲೂಪ್ ಬೇಡ ಎಂದು ಹೇಳಿಯಾಯಿತು. ಬುಕ್ ಆಗಿರುವುದು 3.3 ಮಾದರಿಯೇ. ಸಾಕೆಟ್ಟಿನ ರೀಡಿಂಗ್: ಫೇಸ್ ನ್ಯೂಟ್ರಲ್ 226, ಫೇಸ್ ಅರ್ತ್ 198, ನ್ಯೂಟ್ರಲ್ ಅರ್ತ್ 27. ಗೀಸರ್ ಹಾಕಿದಾಗ 223, 196, 28. ಇದರರ್ಥ ಏನು? ಮತ್ತೆ ಕಾರು ನಿಲ್ಲುವ ಜಾಗಕ್ಕೆ ಮೇಲೆ ಶೀಟ್ ಇದೆ, ಪಕ್ಕದಿಂದ ಎರಚಲು ಬರುತ್ತದೆ. ಮಳೆಯಲ್ಲಿ ಚಾರ್ಜ್ ಹಾಕಬಹುದಾ?

ಫೇಸ್_ನ್ಯೂಟ್ರಲ್:

ಗೀಸರ್ ಹಾಕಿದಾಗ ಫೇಸ್ ನ್ಯೂಟ್ರಲ್ 3 ವೋಲ್ಟ್ ಮಾತ್ರ ಇಳಿದಿದೆ, ನ್ಯೂಟ್ರಲ್ ಅರ್ತ್ ಬಹುಮಟ್ಟಿಗೆ ಅಲ್ಲೇ ನಿಂತಿದೆ. ಅಂದರೆ ನಿಮ್ಮ ನ್ಯೂಟ್ರಲ್ ಗಟ್ಟಿಯಿದೆ, ಕಂಬದ ಕಡೆ ದೂರು ಕೊಡುವ ಅಗತ್ಯವಿಲ್ಲ. ದೋಷ ಅರ್ತಿನಲ್ಲೇ. ಲೋಡ್ ಹಾಕಿದಾಗ ಮೂರನೆಯ ಸಂಖ್ಯೆ ಏರಿ ಮೊದಲನೆಯದು ಹತ್ತಾರು ವೋಲ್ಟ್ ಬಿದ್ದಿದ್ದರೆ ನ್ಯೂಟ್ರಲ್ ಜಾಯಿಂಟ್ ಸಡಿಲ ಎಂದಾಗುತ್ತಿತ್ತು. ಪಿಟ್ ಮುಚ್ಚಳ ತೆಗೆದು ಪೈಪಿಗೆ ತಂತಿ ಕಟ್ಟಿರುವ ಬೋಲ್ಟ್ ನೋಡಿ, ಮುಕ್ಕಾಲು ಪಾಲು ಅಲ್ಲೇ ತುಕ್ಕು ಹಿಡಿದು ಬಿಟ್ಟುಕೊಂಡಿರುತ್ತದೆ. ಅದನ್ನು ಉಜ್ಜಿ ಬಿಗಿ ಮಾಡಿದರೆ ಸಂಖ್ಯೆ ಇಳಿಯಬಹುದು. ಆದರೂ ಚಾರ್ಜರಿಗೆ ಹೊಸ ಪಿಟ್ಟೇ ಮಾಡಿಸಿ, ಹಳೆಯದನ್ನೂ ಅದಕ್ಕೆ ಸೇರಿಸಿ.

ಮಳೆಯಲ್ಲಿ ಕಾರಿನ ಕಡೆ ಚಿಂತೆಯಿಲ್ಲ. ಗನ್ ಪೂರ್ತಿ ಕೂತು ಲಾಕ್ ಆದ ಮೇಲೆಯೇ ಕರೆಂಟ್ ಹರಿಯುವುದು. ನೀರು ತಾಗಬಾರದ್ದು ಗೋಡೆಯ ಸಾಕೆಟ್ಟಿಗೆ ಮತ್ತು ನಡುವಿನ ಚಾರ್ಜರ್ ಡಬ್ಬಿಗೆ. ಸಾಕೆಟ್ಟನ್ನು ನೆಲದಿಂದ ಐದು ಅಡಿ ಎತ್ತರಕ್ಕೆ, ಪ್ಲಗ್ ಹಾಕಿಯೂ ಮುಚ್ಚುವ, ಧೂಳು ನೀರು ಒಳಹೋಗದ ಐಪಿ 65 ಪೆಟ್ಟಿಗೆಯೊಳಗೆ ಹಾಕಿಸಿ, ವೈರು ಪೆಟ್ಟಿಗೆಯ ಕೆಳಗಿನಿಂದ ಒಳಹೋಗಲಿ. ಚಾರ್ಜರ್ ಡಬ್ಬಿ ಕೇಬಲ್ಲಿನಿಂದ ನೇತಾಡಿದರೆ ಅದರ ಭಾರಕ್ಕೆ ಪ್ಲಗ್ ಸಡಿಲವಾಗುತ್ತದೆ. ಅದಕ್ಕೆ ಗೋಡೆಯಲ್ಲಿ ಒಂದು ಕೊಕ್ಕೆ ಹೊಡೆಸಿ. ಗುಡುಗು ಶುರುವಾದರೆ ಕಾರಿನಲ್ಲಿ ಚಾರ್ಜ್ ನಿಲ್ಲಿಸಿ, ಗನ್ ತೆಗೆದು, ಆಮೇಲೆ ಗೋಡೆಯ ಪ್ಲಗ್ ಕೀಳಿ. ಓಡುತ್ತಿರುವಾಗಲೇ ಪ್ಲಗ್ ಕಿತ್ತರೆ ಕಿಡಿ ಹಾರಿ ಪಿನ್ನು ಕಪ್ಪಾಗುತ್ತದೆ.